ಇಗೋ, ನೀವು ಕೊಟ್ಟ ದುಡ್ಡಿನ ಬಾವಿ!

ನೆರೆ ಪರಿಹಾರಕ್ಕೋ, ಅನಾಥಾಲಯಕ್ಕೋ, ಯಾರದೋ ಆಪರೇಷನ್ನಿಗೋ ನಾವೆಲ್ಲ ಒಂದಿಷ್ಟು ಹಣ ಕೊಟ್ಟಿರುತ್ತೇವೆ. ರಸೀದಿ ಕೈಗೆ ಬರುತ್ತದೆ. ಆಮೇಲೆ? ಆ ಹಣ ಯಾವ ಊರಿಗೆ ಹೋಯಿತು, ಯಾರ ಮನೆಯ ಕೊಡ ತುಂಬಿತು ಎಂಬುದು ಸಾಮಾನ್ಯವಾಗಿ ಗೊತ್ತಾಗುವುದೇ ಇಲ್ಲ. ಬ್ಯಾಂಕಿನಲ್ಲಿ ದೇಣಿಗೆಯ ಡಿ.ಡಿ.ಗಳನ್ನು ಬರೆಯುತ್ತಿದ್ದ ಕಾಲದಲ್ಲಿ ನನಗೂ ಈ ಪ್ರಶ್ನೆ ಕಾಡುತ್ತಿತ್ತು. ಅದಕ್ಕೆ ಉತ್ತರ ಕೊಡಲು ಹೊರಟ ಒಂದು ಸಂಸ್ಥೆಯ ಕಥೆ ಇದು. ಮಕ್ಕಳೇ, ಇದು ಶುರುವಾದದ್ದು ಒಂದು ಹುಟ್ಟುಹಬ್ಬದಿಂದ!

ನ್ಯೂಯಾರ್ಕಿನ ಸ್ಕಾಟ್ ಹ್ಯಾರಿಸನ್ ಎಂಬುವರ ಕಸುಬು ರಾತ್ರಿ ಕ್ಲಬ್ಬುಗಳಿಗೆ ಜನ ಸೇರಿಸುವುದು. ಆ ಬದುಕು ಬೇಸರವಾಗಿ, ಬಡದೇಶಗಳ ಬಂದರುಗಳಲ್ಲಿ ಉಚಿತ ಚಿಕಿತ್ಸೆ ನೀಡುವ ‘ಮರ್ಸಿ ಶಿಪ್ಸ್’ ಎಂಬ ಸಂಸ್ಥೆಯ ಆಸ್ಪತ್ರೆ ಹಡಗನ್ನು ಫೋಟೋಗ್ರಾಫರ್ ಆಗಿ ಸೇರಿಕೊಂಡರು. ಹಡಗು ಆಫ್ರಿಕದ ಲೈಬೀರಿಯಕ್ಕೆ ಹೋಯಿತು. ಅಲ್ಲಿ ಜನ ಕೊಳದ ಕೊಳಕು ನೀರನ್ನೇ ಕುಡಿಯುವುದನ್ನು ಅವರು ಕಂಡರು. ಪಾರ್ಟಿಗಳಿಗೆ ಆಹ್ವಾನ ಕಳಿಸಲು ಇಟ್ಟುಕೊಂಡಿದ್ದ ಇಮೇಲ್ ಪಟ್ಟಿಗೇ, ತಾವು ತೆಗೆದ ಫೋಟೋಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಕಳಿಸತೊಡಗಿದರು.

2006ರ ಸೆಪ್ಟೆಂಬರಿನಲ್ಲಿ ಅವರ 31ನೇ ಹುಟ್ಟುಹಬ್ಬ. ಬಂದವರು ಉಡುಗೊರೆ ತರುವ ಬದಲು ತಲಾ 20 ಡಾಲರ್ ಕೊಡಬೇಕೆಂದರು. ಸುಮಾರು 700 ಜನ ಬಂದರು, 15,000 ಡಾಲರ್ ಕೂಡಿತು. ಅದರಲ್ಲಿ ಉತ್ತರ ಉಗಾಂಡದ ಒಂದು ನಿರಾಶ್ರಿತರ ಶಿಬಿರದಲ್ಲಿ ಬಾವಿಗಳಾದವು. ಹೆಚ್ಚಿನವರು ಇಲ್ಲಿಗೆ ಮುಗಿಸುತ್ತಾರೆ. ಹ್ಯಾರಿಸನ್ ಬಾವಿಗಳ ಫೋಟೋ ತೆಗೆಸಿ, ಪಾರ್ಟಿಗೆ ಬಂದವರಿಗೆಲ್ಲ ಕಳಿಸಿದರು. ಇಗೋ, ನೀವು ಕೊಟ್ಟ ದುಡ್ಡು! ಹೀಗೆ ಹುಟ್ಟಿದ್ದು ‘ಚಾರಿಟಿ: ವಾಟರ್’.

ಹೆಸರಿನ ನಡುವೆ ಎರಡು ಚುಕ್ಕಿ ಯಾಕೋ ನನಗೆ ತಿಳಿಯದು, ಲೆಕ್ಕ ಮಾತ್ರ ಬಹಳ ಹಿಡಿಸಿತು. ಈ ಸಂಸ್ಥೆಗೆ ಎರಡು ಪ್ರತ್ಯೇಕ ಬ್ಯಾಂಕ್ ಖಾತೆ. ಸಾರ್ವಜನಿಕರು ಕೊಟ್ಟದ್ದು ಒಂದರಲ್ಲಿ. ಅದು ಪೂರ್ತಿ ನೀರಿಗೇ. ಸಂಬಳ, ಬಾಡಿಗೆ, ಪ್ರಯಾಣದ ಖರ್ಚು ಇನ್ನೊಂದರಿಂದ. ಅದಕ್ಕೆ ಹಣ ಕೊಡುವ ದಾನಿಗಳೇ ಬೇರೆ. ಕಾರ್ಡಿನಲ್ಲಿ ಕೊಟ್ಟರೆ ಬ್ಯಾಂಕು ಮುರಿದುಕೊಳ್ಳುವ ಶುಲ್ಕವನ್ನೂ ಎರಡನೆಯ ಖಾತೆಯಿಂದಲೇ ತುಂಬಿಕೊಡುತ್ತಾರೆ. ಎರಡು ಖಾತೆಗಳನ್ನು ಬೆರೆಯದಂತೆ ನೋಡಿಕೊಳ್ಳುವುದು ಸುಲಭವಲ್ಲ, ಲೆಡ್ಜರ್ ಬರೆದವರಿಗೆ ಗೊತ್ತು.

ಲೆಕ್ಕದ ಮಾತು ಬಂತಲ್ಲ, ಇನ್ನೊಂದು ವಿಷಯ. ಅಜ್ಜ ಅಜ್ಜಿಯರ ಮೊಬೈಲಿಗೂ ಈಗ ಅಳುವ ಮಗುವಿನ ಚಿತ್ರ, ಕೆಳಗೊಂದು ಕ್ಯೂಆರ್ ಕೋಡ್ ಬರುತ್ತಿರುತ್ತವೆ. ಹಣ ಹೋಗುವುದು ಸಂಸ್ಥೆಯ ಖಾತೆಗೋ, ಯಾರೋ ಒಬ್ಬರ ಸ್ವಂತ ಖಾತೆಗೋ ನೋಡಿ. ತೆರಿಗೆ ರಿಯಾಯಿತಿಯ ರಸೀದಿ ಸಿಗುತ್ತದೆಯೇ ಕೇಳಿ. ಮೊಮ್ಮಕ್ಕಳು ಇಷ್ಟು ಹುಡುಕಿಕೊಡಬಲ್ಲರು. ಚಾರಿಟಿ: ವಾಟರ್ ತೋರಿಸುವ ಚಿತ್ರಗಳಲ್ಲಿ ಅಳುವಿಗಿಂತ ಚಿಮ್ಮುವ ನೀರು, ನಗುವ ಮುಖಗಳೇ ಹೆಚ್ಚು. ಅದೇ ಸರಿ ಎಂದು ನನ್ನ ಅನಿಸಿಕೆ. ಫೋಟೋದಲ್ಲಿರುವ ಮಗುವಿಗೂ ಒಂದು ಮಾನವಿದೆ.

ಮರುವರ್ಷ ಹ್ಯಾರಿಸನ್ ಪಾರ್ಟಿ ಮಾಡಲಿಲ್ಲ. ನನಗೀಗ 32, ಆದ್ದರಿಂದ 32 ಡಾಲರ್ ಕೊಡಿ ಎಂದು ಇಮೇಲಿನಲ್ಲಿ ಕೇಳಿದರು. ಇದು ಮಕ್ಕಳಿಗೂ ಅಂಟಿತು. ಟೆಕ್ಸಾಸಿನ ಆಸ್ಟಿನ್ ಊರಿನ ಏಳು ವರ್ಷದ ಹುಡುಗನೊಬ್ಬ ಏಳೇಳು ಡಾಲರ್ ಕೇಳುತ್ತ ಮನೆ ಮನೆಯ ಬಾಗಿಲು ತಟ್ಟಿದ. ಕೂಡಿಸಿದ್ದು ಸುಮಾರು 22,000 ಡಾಲರ್! ಮುಂದೆ ಯಾರು ಬೇಕಾದರೂ ತಮ್ಮ ಹುಟ್ಟುಹಬ್ಬದ ಹೆಸರಿನಲ್ಲಿ ಅಂತರ್ಜಾಲದಲ್ಲೇ ಹಣ ಕೂಡಿಸುವ ಏರ್ಪಾಡಾಯಿತು.

ಆದರೆ ನನಗೆ ಈ ಸಂಸ್ಥೆಯ ಮೇಲೆ ನಂಬಿಕೆ ಬಂದದ್ದು ಅವರು ಸೋತ ಕಥೆ ಓದಿದ ಮೇಲೆ. 2010ರಲ್ಲಿ ಮಧ್ಯ ಆಫ್ರಿಕ ಗಣರಾಜ್ಯದ ಮೊಆಲೆ ಎಂಬ ಹಳ್ಳಿಯಲ್ಲಿ, ಕಾಡಿನ ಬಯಾಕಾ ಜನರಿಗಾಗಿ ಕೊಳವೆಬಾವಿ ಕೊರೆಯುವುದನ್ನು ದಾನಿಗಳಿಗೆ ತೋರಿಸಲು ಹೊರಟರು. ನೀರು ಬರಲಿಲ್ಲ. ಬೋರ್ ಕೊರೆಸಿ ದೂಳು ಕಂಡ ರೈತರಿಗೆ ಆ ಸಂಕಟ ಹೇಳಬೇಕಾಗಿಲ್ಲ. ಇಂಥಾ ಹೊತ್ತಿನಲ್ಲಿ ಕ್ಯಾಮೆರಾ ಮುಚ್ಚಿಡುವುದೇ ಲೋಕರೂಢಿ. ಅವರು ಕ್ಯಾಮೆರಾದ ಮುಂದೆಯೇ ನಿಂತು, ನಾವು ಸೋತೆವು ಎಂದು ಎಲ್ಲರಿಗೂ ಹೇಳಿದರು. ದಾನಿಗಳು ಬಿಟ್ಟುಹೋಗುತ್ತಾರೆಂಬ ಭಯ ಇದ್ದೇ ಇರುತ್ತದೆ. ಆದರೂ ಹೇಳಿದರು. ಮುಂದೆ ಮತ್ತೆ ಅಲ್ಲಿಗೇ ಹೋಗಿ ಕೊರೆದು, ನೀರು ತರಿಸಿದರು.

ಬಾವಿಯ ಕಥೆ ಉದ್ಘಾಟನೆಯ ಫೋಟೋಗೆ ಮುಗಿಯುವುದೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಕಟಕಟ ಸದ್ದು ಮಾಡುತ್ತಿದ್ದ ಬೋರಿಂಗ್ ಪಂಪು ನೆನಪಿದೆಯಲ್ಲ? ‘ಇಂಡಿಯಾ ಮಾರ್ಕ್ 2’ ಎಂಬ ಆ ಪಂಪಿನ ಮೂಲ ನಮ್ಮ ಪಕ್ಕದ ಸೊಲ್ಲಾಪುರ. ಅದು ಆಫ್ರಿಕದ ಹಲವು ದೇಶಗಳಿಗೂ ಹೋಗಿದೆ. ಎಂಥ ಗಟ್ಟಿ ಪಂಪಾದರೂ ಒಂದು ದಿನ ಕೆಡುತ್ತದೆ. ಅದಕ್ಕಾಗಿ 2012ರಲ್ಲಿ ಗೂಗಲ್ 50 ಲಕ್ಷ ಡಾಲರ್ ನೆರವು ಕೊಟ್ಟಿತು: 4,000 ಬಾವಿಗಳಿಗೆ ಸೆನ್ಸರ್ ಅಳವಡಿಸಲು. ನೀರು ಬರುತ್ತಿದೆಯೋ ನಿಂತಿದೆಯೋ ಎಂಬ ಸುದ್ದಿಯನ್ನು ಪಂಪೇ ದೂರದ ಕಚೇರಿಗೆ ಕಳಿಸುತ್ತದೆ. ನಮ್ಮೂರಿನಲ್ಲಿ ಹಿಡಿಕೆ ಮುರಿದರೆ ಅರ್ಜಿ ಹಿಡಿದು ಪಂಚಾಯ್ತಿಗೆ ಎಷ್ಟು ಸಲ ಅಲೆಯಬೇಕಿತ್ತು ಎಂಬುದನ್ನು ಮೊಮ್ಮಕ್ಕಳು ಅಜ್ಜಿಯನ್ನೇ ಕೇಳಲಿ.