ಕಳೆದ ಐವತ್ತು ಎಲ್ಲಿ ಹೋಯಿತು?



ನಮ್ಮ ಸಾಹಿತ್ಯ ಕೂಟಗಳಲ್ಲಿ ಪುಸ್ತಕದ ಮಾತು ಮುಗಿದು ಊಟದ ತಟ್ಟೆ ಕೈಗೆ ಬಂತೆಂದರೆ ಕೊಲೆಸ್ಟೆರಾಲ್ ಮಾತು ಶುರು. "ನನ್ನ ಎಲ್‌ಡಿಎಲ್ 105, ಪರವಾಗಿಲ್ಲ" ಎನ್ನುತ್ತಾ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆ 105 ಎಲ್ಲಿಂದ ಬಂತು?

ಬಹುಪಾಲು ರಿಪೋರ್ಟುಗಳಲ್ಲಿ ಎಲ್‌ಡಿಎಲ್ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಒಟ್ಟು ಕೊಲೆಸ್ಟೆರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುವುದು ಹಳೆಯ ಸೂತ್ರ. ಅದು ಹುಟ್ಟಿದ್ದು ಇಲ್ಲೇ, ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ. ಎನ್‌ಐಎಚ್‌ನ ಫ್ರೀಡ್‌ವಾಲ್ಡ್, ಲೆವಿ, ಫ್ರೆಡ್ರಿಕ್‌ಸನ್ 1972ರಲ್ಲಿ ಇದನ್ನು ಪ್ರಕಟಿಸಿದರು. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ನಡೆಯದೆಂದು ಅವರೇ ಹೇಳಿದ್ದರು. 2020ರಲ್ಲಿ ಎನ್‌ಐಎಚ್‌ನವರೇ ಇನ್ನೊಂದು ಸೂತ್ರ ಕೊಟ್ಟರು.

ಈಗ ಒಂದು ರಿಪೋರ್ಟ್ ನೋಡೋಣ: ಒಟ್ಟು 190, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ 250. ಹಳೆಯ ಸೂತ್ರದಂತೆ 190ರಲ್ಲಿ 35 ಹೋಯಿತು, ಇನ್ನೊಂದು 50 ಹೋಯಿತು, ಉಳಿದದ್ದು 105. ಆದರೆ ಕಳೆದ ಆ 50 ಎಲ್ಲಿಗೂ ಹೋಗಿಲ್ಲ, ರಕ್ತದಲ್ಲೇ ಇದೆ! ವಿಎಲ್‌ಡಿಎಲ್ ಎಂಬ ಕಣಗಳಲ್ಲಿರುವ ಆ ಕೊಲೆಸ್ಟೆರಾಲ್ ಕೂಡ ರಕ್ತನಾಳಕ್ಕೆ ಹಾನಿಕರವೇ. ಒಟ್ಟಿನಿಂದ ಎಚ್‌ಡಿಎಲ್ ಮಾತ್ರ ಕಳೆದರೆ 155. ಇದೇ ನಾನ್-ಎಚ್‌ಡಿಎಲ್. ಸಾಮಾನ್ಯರಿಗೆ ಇದು 130ರೊಳಗಿದ್ದರೆ ಒಳ್ಳೆಯದು.

ಹೆಚ್ಚಿದ ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್, ತೆಳ್ಳಗಿದ್ದರೂ ಬೆಳೆಯುವ ಹೊಟ್ಟೆ: ನಮ್ಮವರಲ್ಲಿ ಈ ಕೂಟ ಬಹಳ ಸಾಮಾನ್ಯ. ಇನ್ಸುಲಿನ್ ಸರಿಯಾಗಿ ನಾಟದಿದ್ದಾಗ ಯಕೃತ್ತು ಹೆಚ್ಚು ಟ್ರೈಗ್ಲಿಸರೈಡ್ ಹೊರಹಾಕುತ್ತದೆ; ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ಸಂಖ್ಯೆಯಲ್ಲಿ ಹೆಚ್ಚುತ್ತವೆ. ನಾಲ್ಕು ಲಾರಿಯ ಸರಕನ್ನು ನಲವತ್ತು ಗಾಡಿಗಳಲ್ಲಿ ಸಾಗಿಸಿದಂತೆ. ಸರಕು ಅಷ್ಟೇ, ರಸ್ತೆ ಕಟ್ಟುವುದು ಗಾಡಿಗಳು. ಹೀಗೆ ಕಣಗಳನ್ನೇ ಎಣಿಸುವ ಎನ್‌ಎಂಆರ್ ಪರೀಕ್ಷೆ ಬೆಳೆದದ್ದು ನಾರ್ತ್ ಕೆರೊಲೈನಾದ ರಾಲೀಯಲ್ಲಿ. ಇನ್ನೂ ಸುಲಭದ್ದು ಅಪೊಬಿ ಪರೀಕ್ಷೆ: ಪ್ರತಿ ಗಾಡಿಗೂ ಒಂದೇ ಅಪೊಬಿ. ಪ್ರಯೋಗಾಲಯಗಳ ಕೊಲೆಸ್ಟೆರಾಲ್ ಅಳತೆಗಳು ಒಂದಕ್ಕೊಂದು ತಾಳೆಯಾಗುವಂತೆ ನೋಡುವ ಕೆಲಸವನ್ನು ಅಟ್ಲಾಂಟಾದ ಸಿಡಿಸಿ ದಶಕಗಳಿಂದ ಮಾಡುತ್ತ ಬಂದಿದೆ.

2018ರ ಅಮೆರಿಕದ ಮಾರ್ಗಸೂಚಿ ದಕ್ಷಿಣ ಏಷ್ಯಾ ಮೂಲವನ್ನೇ ಹೃದಯದ ಅಪಾಯ ಹೆಚ್ಚಿಸುವ ಅಂಶವೆಂದು ಹೆಸರಿಸಿತು. ಆದ್ದರಿಂದ ಮುಂದಿನ ಸಲ ಡಾಕ್ಟರ ಬಳಿ ಹೋದಾಗ ನಾನ್-ಎಚ್‌ಡಿಎಲ್ ಎಷ್ಟೆಂದು ನೋಡಿ. ಅಪೊಬಿ, ಎ1ಸಿ ಬಗ್ಗೆ ಕೇಳಿ. ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವ ಲೈಪೊಪ್ರೋಟೀನ್-ಎಯನ್ನು ಜೀವನದಲ್ಲಿ ಒಮ್ಮೆಯಾದರೂ ನೋಡಿಸಿ. ಔಷಧಿಯ ನಿರ್ಧಾರ ಅವರಿಗೇ ಬಿಡಿ.

ಕವಿತೆಯಲ್ಲಿ ಸಾಲುಗಳ ನಡುವೆ ಓದುವುದು ನಮಗೆ ಅಭ್ಯಾಸ. ರಿಪೋರ್ಟನ್ನೂ ಹಾಗೇ ಓದೋಣ. ಹೋಳಿಗೆ? ಒಂದು ಸಾಕು.