ಮಗುವಿನ ತುಟಿ ನೀಲಿಯಾದಾಗ

ರಕ್ತ ಕೆಂಪು ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಕೆಂಪು ಯಾವಾಗಲೂ ಒಂದೇ ತೆರನಲ್ಲ. ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಹೊಳೆಯುವ ಕೆಂಪಾಗಿರುತ್ತದೆ. ಅದನ್ನು ಅಂಗಾಂಗಗಳಿಗೆ ಹಂಚಿ ಮರಳುವ ರಕ್ತ ಕಡುಗೆಂಪಾಗಿರುತ್ತದೆ. ಈ ಆಮ್ಲಜನಕವನ್ನು ಹೊರುವುದು ಕಬ್ಬಿಣಾಂಶವುಳ್ಳ ಹಿಮೋಗ್ಲೋಬಿನ್. ರಕ್ತದಲ್ಲಿ ಆಮ್ಲಜನಕ ತೀರ ಕಡಿಮೆಯಾದರೆ ಮೈ ನೀಲಿಗಟ್ಟುತ್ತದೆ. ನಮ್ಮಂತಹ ಕಪ್ಪು, ಗೋಧಿ ಮೈಬಣ್ಣದವರಲ್ಲಿ ಚರ್ಮ ನೋಡಿ ಇದನ್ನು ತಿಳಿಯುವುದು ಕಷ್ಟ. ಆದುದರಿಂದ ನಾಲಗೆ, ಒಸಡು, ತುಟಿಯ ಒಳಭಾಗ ಹಾಗೂ ಉಗುರುಗಳನ್ನು ನೋಡಬೇಕು.

ಹೃದಯದ ದೋಷ, ನ್ಯುಮೋನಿಯಾಗಳಿಂದ ಹೀಗಾಗುವುದನ್ನು ಹಲವರು ಬಲ್ಲರು. ಬಾವಿಯ ನೀರಿನಿಂದಲೂ ಹಸುಳೆ ನೀಲಿಯಾಗಬಹುದು ಎಂಬುದು ಕೃಷಿಕರಾದ ನಾವು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ.

1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ ಇದನ್ನು ವೈದ್ಯಲೋಕಕ್ಕೆ ತಿಳಿಸಿದರು. ಹಳ್ಳಿಯ ರೈತರ ಮನೆಗಳ ಹಸುಳೆಗಳು ನೀಲಿಯಾಗಿದ್ದವು. ಅವುಗಳ ಹಾಲಿನ ಪುಡಿ ಕಲಸಿದ್ದು ಬಾವಿನೀರಿನಲ್ಲಿ. ಆ ನೀರಿನಲ್ಲಿ ನೈಟ್ರೇಟ್ ವಿಪರೀತವಾಗಿತ್ತು.

ಯೂರಿಯಾದಂತಹ ರಸಗೊಬ್ಬರ, ಹಟ್ಟಿಗೊಬ್ಬರ, ಪಾಯಿಖಾನೆಯ ಗುಂಡಿ ಇವುಗಳಿಂದ ನೈಟ್ರೇಟ್ ಮಳೆನೀರಿನೊಂದಿಗೆ ಇಂಗಿ ಬಾವಿ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಹಸುಳೆಯ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತ ಸೇರಿ, ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ಆಗ ರಕ್ತ ಚಾಕೊಲೇಟಿನಂತೆ ಕಂದಾಗುತ್ತದೆ. ದೊಡ್ಡವರ ದೇಹ ಇದನ್ನು ಸರಿಪಡಿಸಿಕೊಳ್ಳುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಆ ಶಕ್ತಿ ಸಾಲದು. ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಅಪಾಯ. ಸಕಾಲದಲ್ಲಿ ಆಸ್ಪತ್ರೆಗೆ ಒಯ್ದರೆ ಮೆಥಿಲೀನ್ ಬ್ಲೂ ಎಂಬ ಔಷಧದಿಂದ ಗುಣವಾಗುತ್ತದೆ.

ನಾವು ಮಾಡಬೇಕಾದುದೇನು?

1. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲನ್ನು ಮಾತ್ರ ಕೊಡಿ. ತಾಯಿ ಕುಡಿದ ನೀರಿನ ನೈಟ್ರೇಟ್ ಎದೆಹಾಲಿಗೆ ಹೆಚ್ಚಾಗಿ ಇಳಿಯುವುದಿಲ್ಲ.

2. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿಯೂ ಪ್ರಯೋಜನವಿಲ್ಲ.

3. ಮನೆಯಲ್ಲಿ ಬಾಣಂತಿ ಇದ್ದರೆ ಬಾವಿನೀರನ್ನು ಪರೀಕ್ಷೆ ಮಾಡಿಸಿ. ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯಗಳಲ್ಲಿ ಈ ಸೌಲಭ್ಯವಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು.

4. ಗೊಬ್ಬರದ ಗುಂಡಿ, ಹಟ್ಟಿ, ಪಾಯಿಖಾನೆಗಳನ್ನು ಬಾವಿಯಿಂದ ದೂರ, ಇಳಿಜಾರಿನ ಕೆಳಬದಿಯಲ್ಲಿ ಮಾಡಿ. ಬಾವಿಗೆ ಕಟ್ಟೆ ಕಟ್ಟಿ, ಮಳೆನೀರು ಹರಿದು ಒಳಗೆ ಇಳಿಯದಂತೆ ನೋಡಿಕೊಳ್ಳಿ.

5. ಅಡಿಕೆ, ತೆಂಗಿನ ಬುಡಕ್ಕೆ ರಸಗೊಬ್ಬರವನ್ನು ಒಮ್ಮೆಲೇ ಸುರಿಯದೆ ಕಂತುಗಳಲ್ಲಿ ಹಾಕಿ. ಜಡಿಮಳೆಯ ದಿನಗಳಲ್ಲಿ ಹಾಕಬೇಡಿ. ಬೇರಿಗೆ ಸಿಗದ ಗೊಬ್ಬರ ಹಣಕ್ಕೂ ನಷ್ಟ, ಬಾವಿಗೂ ಕೇಡು.

ಮಗುವಿನ ತುಟಿ, ನಾಲಗೆ ನೀಲಿಯಾದರೆ ಕಾರಣ ಹುಡುಕುತ್ತಾ ಮನೆಯಲ್ಲಿ ಕೂರಬೇಡಿ, ಮನೆಮದ್ದು ಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮಗುವಿಗೆ ಬಾವಿನೀರು ಕೊಟ್ಟಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ದೇವರು ಕೊಟ್ಟ ನೀರನ್ನು ಶುದ್ಧವಾಗಿ ಕಾಪಾಡುವುದು ನಮ್ಮ ಮನೆಯ ಮಕ್ಕಳಿಗೂ ನೆರೆಮನೆಯ ಮಕ್ಕಳಿಗೂ ನಾವು ಮಾಡುವ ಸೇವೆ.