4ಜಿ ಸಿಮ್ ಬಂದ್ ಆಗುತ್ತದೆಯೇ? 5ಜಿ ಮೆಸೇಜ್ ಒತ್ತುವ ಮೊದಲು ಇದನ್ನು ಓದಿ

"ನಿಮ್ಮ 4ಜಿ ಸಿಮ್ 24 ಗಂಟೆಯಲ್ಲಿ ಬಂದ್ ಆಗಲಿದೆ, 5ಜಿಗೆ ಅಪ್‌ಗ್ರೇಡ್ ಮಾಡಲು ಈ ಲಿಂಕ್ ಒತ್ತಿ." ಈ ಧಾಟಿಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಯಾರೋ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಫಾರ್ವರ್ಡ್ ಮಾಡಿರುತ್ತಾರೆ. ಆದರೆ ಅದು ಸುಳ್ಳು. ಒತ್ತಿದರೆ ಹೋಗುವುದು ಸಿಮ್ ಮಾತ್ರವಲ್ಲ, ಬ್ಯಾಂಕ್ ಖಾತೆಯ ದುಡ್ಡು ಕೂಡ.

ಮೊದಲು ಈ 'ಜಿ' ಏನೆಂದು ನೋಡೋಣ. ಜಿ ಅಂದರೆ ಜನರೇಷನ್, ತಲೆಮಾರು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕಲ್ಕತ್ತಾದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖ್ ರಾಮ್ ಅವರೊಡನೆ ಮಾತಾಡಿದರು. ಅದು 2ಜಿ. ಮಾತು ಮತ್ತು ಎಸ್‌ಎಂಎಸ್ಸಿಗಾಗಿ ಮಾಡಿದ್ದು, ಇಂಟರ್ನೆಟ್ ಆಮೇಲೆ ಅಂಟಿಸಿದ್ದು. ಹಳೆಯ ಫೋನುಗಳಲ್ಲಿ ಸಿಗ್ನಲ್ ಪಕ್ಕ 'ಇ' ಅಕ್ಷರ ಬಂದರೆ ಒಂದು ಫೋಟೊ ತೆರೆಯಲು ಚಹಾ ಕುಡಿದು ಬರಬೇಕಿತ್ತಲ್ಲ, ಅದೇ. 3ಜಿಯಲ್ಲಿ ವಿಡಿಯೊ ನೋಡುವಷ್ಟು ವೇಗ ಬಂತು. 4ಜಿ 2012ರಲ್ಲಿ ಕೋಲ್ಕತ್ತಾದಲ್ಲಿ ಶುರುವಾಗಿ, ಕೆಲವೇ ವಾರಗಳಲ್ಲಿ ಬೆಂಗಳೂರಿಗೂ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಹಳ್ಳಿಹಳ್ಳಿಗೆ ಹರಡಿತು. 5ಜಿಗೆ ಚಾಲನೆ ಸಿಕ್ಕಿದ್ದು 2022ರ ಅಕ್ಟೋಬರ್ 1ರಂದು.

ಹೊಸ ತಲೆಮಾರು ಬಂದಾಕ್ಷಣ ಹಳೆಯದು ಸಾಯುವುದಿಲ್ಲ. ತಮಾಷೆಯೆಂದರೆ, ಏರ್‌ಟೆಲ್ ತನ್ನ 3ಜಿಯನ್ನು ನಿಲ್ಲಿಸಿತು, ಅದಕ್ಕಿಂತ ಹಳೆಯ 2ಜಿಯನ್ನು ಉಳಿಸಿಕೊಂಡಿತು. ಕೀಪ್ಯಾಡ್ ಫೋನಿನ ಗ್ರಾಹಕರು ಅಷ್ಟು ಜನ ಇದ್ದಾರೆ! ಹೀಗಿರುವಾಗ 4ಜಿ ಒಂದೇ ದಿನದಲ್ಲಿ ಬಂದ್ ಆಗುತ್ತದೆ ಎಂದರೆ ನಂಬುವುದು ಹೇಗೆ? ಕರೆ ಮಾಡುವಾಗ ಫೋನಿನ ಮೇಲೆ 5ಜಿ ಹೋಗಿ 4ಜಿ ಬರುವುದನ್ನು ನೀವೂ ಗಮನಿಸಿರಬಹುದು. 5ಜಿ ಫೋನುಗಳು ಕೂಡ ಎಷ್ಟೋ ಕಡೆ ಮಾತಿಗೆ 4ಜಿಯನ್ನೇ ಬಳಸುತ್ತವೆ.

ಈಗ ಸಿಮ್ ವಿಷಯ. ಜಿಯೊ ಮತ್ತು ಏರ್‌ಟೆಲ್‌ನ 4ಜಿ ಸಿಮ್‌ಗಳಲ್ಲಿ 5ಜಿ ಹಾಗೆಯೇ ನಡೆಯುತ್ತದೆ. ಬೇಕಾಗಿರುವುದು 5ಜಿ ಹಿಡಿಯುವ ಫೋನು, ಹೊಂದುವ ಪ್ಲಾನು ಮತ್ತು ನಿಮ್ಮ ಊರಲ್ಲಿ 5ಜಿ ಟವರ್. ಯಾವ ಲಿಂಕ್ ಒತ್ತಿದರೂ 4ಜಿ ಫೋನು 5ಜಿ ಆಗುವುದಿಲ್ಲ, ಏಕೆಂದರೆ ಅದನ್ನು ಹಿಡಿಯುವ ಯಂತ್ರಭಾಗವೇ ಅದರೊಳಗಿಲ್ಲ. ತುಂಬ ಹಳೆಯ 2ಜಿ, 3ಜಿ ಕಾಲದ ಸಿಮ್ ಇದ್ದರೆ, ಉದಾಹರಣೆಗೆ ಬಿಎಸ್‌ಎನ್‌ಎಲ್‌ನದ್ದು, 4ಜಿಗೆ ಬದಲಿಸಿಕೊಳ್ಳಬೇಕಾಗುತ್ತದೆ ನಿಜ. ಅದಕ್ಕೆ ಗುರುತಿನ ದಾಖಲೆ ಹಿಡಿದು ಕಂಪನಿಯ ಕೇಂದ್ರಕ್ಕೇ ಹೋಗಿ.

ಮೋಸ ನಡೆಯುವುದು ಹೀಗೆ. ನಿಮ್ಮ ನಂಬರಿಗೆ ಹೊಸ ಸಿಮ್ ಅಥವಾ ಇ-ಸಿಮ್ ಬೇಕೆಂದು ಕಳ್ಳ ಕೋರಿಕೆ ಹಾಕುತ್ತಾನೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕಲ್ಲ? ಹಾಗಾಗಿ 'ಕಸ್ಟಮರ್ ಕೇರ್' ಹೆಸರಲ್ಲಿ ಕರೆ ಮಾಡಿ ಒಟಿಪಿ ಕೇಳುತ್ತಾನೆ, ಇಲ್ಲವೇ ಸಿಮ್ ಮೇಲಿನ 20 ಅಂಕಿಯ ಸಂಖ್ಯೆ ಕೇಳಿ "1 ಒತ್ತಿ" ಎನ್ನುತ್ತಾನೆ. ಒತ್ತಿದ ಮೇಲೆ ನಿಮ್ಮ ಫೋನಿನ ಸಿಗ್ನಲ್ ಹೋಗುತ್ತದೆ. ನೀವು "ಅಪ್‌ಗ್ರೇಡ್ ಆಗುತ್ತಿದೆ" ಎಂದುಕೊಂಡು ಸುಮ್ಮನಿರುತ್ತೀರಿ. ಅತ್ತ ನಿಮ್ಮ ನಂಬರು ಅವನ ಫೋನಿನಲ್ಲಿ ಜೀವಂತವಾಗಿರುತ್ತದೆ, ಬ್ಯಾಂಕಿನ ಒಟಿಪಿಗಳು ಅಲ್ಲಿಗೆ ಹೋಗುತ್ತವೆ. ಇದನ್ನು ತಡೆಯಲೆಂದೇ, ಸಿಮ್ ಬದಲಾದ ಮೊದಲ 24 ಗಂಟೆ ಎಸ್‌ಎಂಎಸ್ ನಿಲ್ಲಿಸಬೇಕೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಕಂಪನಿಗಳಿಗೆ ಸೂಚಿಸಿತು. ಆದ್ದರಿಂದ "ಒಂದೆರಡು ದಿನ ನೆಟ್‌ವರ್ಕ್ ಇರಲ್ಲ, ಕಾಯಿರಿ" ಎಂದು ಯಾರಾದರೂ ಹೇಳಿದರೆ ಕಾಯಲೇಬೇಡಿ. ಅವರಿಗೆ ಬೇಕಾಗಿರುವುದು ಆ ಸಮಯವೇ.

ಇನ್ನೊಂದು ಸಣ್ಣ ಗೊಂದಲ: ಮನೆಯ ವೈಫೈ ಹೆಸರಿನ ಕೊನೆಯಲ್ಲಿ '5ಜಿ' ಎಂದಿದ್ದರೆ ಅದು ಮೊಬೈಲ್ 5ಜಿ ಅಲ್ಲ, 5 ಗಿಗಾಹರ್ಟ್ಸ್ ತರಂಗ. 5ಜಿ ಟವರಿನಿಂದ ಹಕ್ಕಿಗಳು ಸಾಯುತ್ತವೆ ಎಂಬ ಫಾರ್ವರ್ಡ್ ಕಳಿಸುವವರು ಇದನ್ನು ಗಮನಿಸಬೇಕು. ನಮ್ಮಲ್ಲಿ 5ಜಿಗೆ ಹೆಚ್ಚಾಗಿ ಬಳಸುವ 3.3 ಗಿಗಾಹರ್ಟ್ಸ್ ಅದಕ್ಕಿಂತ ಕೆಳಗಿನ ಆವರ್ತನ.

ನಿಮ್ಮ ಫೋನಿನಲ್ಲಿ ಇದ್ದಕ್ಕಿದ್ದಂತೆ ಸಿಗ್ನಲ್ ಹೋಗಿ, ಪಕ್ಕದಲ್ಲಿರುವವರ ಅದೇ ಕಂಪನಿಯ ಫೋನಿನಲ್ಲಿ ಇದ್ದರೆ, ಅವರ ಫೋನಿನಿಂದಲೇ ಕಂಪನಿಗೆ ಕರೆ ಮಾಡಿ ಸಿಮ್ ಬದಲಾಗಿದೆಯೇ ಕೇಳಿ. ಬದಲಾಗಿದ್ದರೆ ಆ ಸಿಮ್ ನಿಲ್ಲಿಸಲು ಹೇಳಿ, ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ತಡೆಹಿಡಿಸಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ಅದನ್ನು ತಡೆಯಲು ಇರುವ ಸಹಾಯವಾಣಿ ಅದು.